ಐವತ್ತು ರೂಪಾಯಿ ಕಂದಾಯ ಮತ್ತು ಟಿಡ್ಕೊ ಮನೆಗಳು

ಮನೆ ಕಂದಾಯ ಅನ್ನಿ, ಇಂಟಿ ಪನ್ನು ಅನ್ನಿ, ರಾಯದುರ್ಗದ ಪೇಟೆಯಲ್ಲಿ ಎರಡೂ ಒಂದೇ ಚೀಟಿ. ಆ ಚೀಟಿಯ ಲೆಕ್ಕ 2021ರ ಏಪ್ರಿಲ್‌ನಿಂದ ಬದಲಾಗಿದೆ. ಮೊದಲು ಬಾಡಿಗೆ ಮೌಲ್ಯ ನೋಡುತ್ತಿದ್ದರು. ಆಮೇಲೆ ಬಂಡವಾಳ ಮೌಲ್ಯ, ಅಂದರೆ ಜಾಗ ಮತ್ತು ಕಟ್ಟಡದ ಬೆಲೆ, ನೋಡುವ ಕ್ರಮ ಬಂತು. ವಾಸದ ಮನೆಗೆ ಶೇ 0.10ರಿಂದ 0.50, ಅಂಗಡಿ ಮಳಿಗೆಗೆ ಶೇ 0.20ರಿಂದ 2ರವರೆಗೆ. ಆದರೆ 375 ಚದರಡಿಗಿಂತ ಹೆಚ್ಚಿಲ್ಲದ ವಾಸದ ಮನೆಗೆ ವರ್ಷಕ್ಕೆ ಬರೀ 50 ರೂಪಾಯಿ. ಬಡವರಿಗೆ ಕೊಟ್ಟ ಈ ರಿಯಾಯಿತಿ ಸರಿಯಾದದ್ದೇ, ಅದರಲ್ಲಿ ನನಗೆ ಎರಡು ಮಾತಿಲ್ಲ.

ಪ್ರಶ್ನೆ ಏಳುವುದು ಸರ್ಕಾರವೇ ಕಟ್ಟಿಸಿದ ಅಪಾರ್ಟ್‌ಮೆಂಟುಗಳ ವಿಷಯದಲ್ಲಿ. ಆಂಧ್ರದ ಪಟ್ಟಣಗಳಲ್ಲಿ ಟಿಡ್ಕೊ ನಿಗಮ ಕೇಂದ್ರದ ಆವಾಸ್ ಯೋಜನೆಯ ಹಣ ಸೇರಿಸಿ ನೆಲ ಅಂತಸ್ತಿನ ಮೇಲೆ ಮೂರು ಅಂತಸ್ತಿನ ಕಟ್ಟಡಗಳನ್ನು ಎಬ್ಬಿಸಿತು. ಹಿಂದಿನ ಸರ್ಕಾರದ ಲೆಕ್ಕದಲ್ಲಿ ಒಟ್ಟು 2,62,216 ಮನೆ. ಅದರಲ್ಲಿ 300 ಚದರಡಿಯವು 1,43,600, 365ರವು 44,304, 430ರವು 74,312. ಮೊದಲಿನವನ್ನು ಒಂದು ರೂಪಾಯಿಗೆ ಕೊಡುವ ತೀರ್ಮಾನವಾಯಿತು. ಉಳಿದ ಎರಡಕ್ಕೆ ಫಲಾನುಭವಿಯ ವಂತಿಗೆ, ಬ್ಯಾಂಕ್ ಸಾಲ. ಕೀಲಿ ಕೈಗೆ ಬರುವ ಮುಂಚೆಯೇ ಬ್ಯಾಂಕಿನವರು ಕಂತು ಕೇಳ್ತಾರೆ ಅನ್ನೋ ದೂರು ಎಷ್ಟೋ ಊರುಗಳಿಂದ ಬಂದಿದೆ.

ಈಗ ಲೆಕ್ಕ ಹಾಕಿ. 375ರ ಗೆರೆ ಎಳೆದರೆ ಮೊದಲ ಎರಡು ಬಗೆಯ 1,87,904 ಮನೆಗಳು 50 ರೂಪಾಯಿ ಪಟ್ಟಿಯ ಒಳಗೆ, 430ರವು ಹೊರಗೆ. 365ಕ್ಕೂ 375ಕ್ಕೂ ನಡುವೆ ಇರೋದು ಹತ್ತೇ ಚದರಡಿ. ಗೋಡೆ ಸೇರಿಸಿ ಅಳೆದರೋ, ಬಿಟ್ಟು ಅಳೆದರೋ, ಮೆಟ್ಟಿಲು ಪಡಸಾಲೆಯ ಪಾಲು ಕೂಡಿಸಿದರೋ ಅನ್ನುವುದರ ಮೇಲೆ ಒಂದು ಕುಟುಂಬದ ಕಂದಾಯ ನಿಲ್ಲುತ್ತದೆ. ಹೊಲದ ಬದು ಒಂದು ಗೇಣು ಸರಿದರೆ ಏನಾಗುತ್ತದೆ ಅಂತ ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಳತೆ ಹೇಗೆ ತೆಗೆದರು ಎಂಬುದನ್ನು ಪ್ರತಿ ಚೀಟಿಯ ಮೇಲೆ ಬರೆಯಲಿ.

ರಿಯಾಯಿತಿಯ ಭಾರ ಯಾರ ತಲೆ ಮೇಲೆ? ರಾಯದುರ್ಗದ್ದು ಪುರಸಭೆ, ಮಡಕಶಿರಾದ್ದು ನಗರ ಪಂಚಾಯಿತಿ. ಇಂಥ ಸಣ್ಣ ಊರುಗಳ ಕೈಯಲ್ಲಿರುವ ಸ್ವಂತ ಆದಾಯ ಎಂದರೆ ಮುಖ್ಯವಾಗಿ ಮನೆ ಕಂದಾಯ, ನೀರಿನ ದುಡ್ಡು. ನೂರಾರು ಸಂಸಾರ ಒಂದೇ ಕಡೆ ಕೂತರೆ ನೀರು, ಚರಂಡಿ, ಬೀದಿದೀಪ, ಕಸದ ಗಾಡಿ ಎಲ್ಲಾ ಬೇಕು. ಮನೆ ಕಟ್ಟುವವರು ಅಮರಾವತಿ, ದಿಲ್ಲಿಯವರು; ಚರಂಡಿ ಬಳಿಯುವವರು ಊರಿನವರು. ಕೊನೆಗೆ ಕೊರತೆ ತುಂಬುವುದು ಪೇಟೆ ಬೀದಿಯ ಅಂಗಡಿಯವನ ಕಂದಾಯದಿಂದ. ವ್ಯಾಪಾರಸ್ಥರು ಗೊಣಗಿದರೆ ಅವರನ್ನು ಬಡವರ ವಿರೋಧಿಗಳು ಅನ್ನೋದು ಬೇಡ.

ಅಮೆರಿಕದಲ್ಲಿ 1937ರ ವಸತಿ ಕಾಯಿದೆಯಿಂದ ಬೆಳೆದ ಸರ್ಕಾರಿ ಬಾಡಿಗೆ ಮನೆಗಳಿಗೆ ಸ್ಥಳೀಯ ಆಸ್ತಿ ತೆರಿಗೆ ಇಲ್ಲ. ಆದರೆ ತೆರಿಗೆಗೆ ಬದಲಾಗಿ ವಸತಿ ಸಂಸ್ಥೆಯು ಬಾಡಿಗೆ ಆದಾಯದಲ್ಲಿ ಸುಮಾರು ಹತ್ತನೇ ಒಂದು ಪಾಲನ್ನು ಊರಿಗೆ ಕಟ್ಟುವ ಪದ್ಧತಿ ಇದೆ. ದೊಡ್ಡ ಮೊತ್ತವೇನಲ್ಲ, ನಿಜ. ಆದರೂ ವಿನಾಯಿತಿ ಕೊಟ್ಟವರು ಬೇರೆ, ನಷ್ಟ ಹೊರುವವರು ಬೇರೆ ಆಗಬಾರದು ಎಂಬ ತಿಳಿವಳಿಕೆ ಅದರಲ್ಲಿದೆ. ಟಿಡ್ಕೊ ಮನೆಗಳ ಬಾಬತ್ತಿನಲ್ಲಿ ರಾಜ್ಯ ಸರ್ಕಾರ ಪುರಸಭೆಗೆ ಅಂಥದೇ ಪರಿಹಾರ ಕಟ್ಟಲಿ ಎಂಬುದು ನನ್ನ ವಾದ.

ಇನ್ನು ಉಸ್ತುವಾರಿ. ಒಂಟಿ ಮನೆಯ ಮಾಳಿಗೆ ಸೋರಿದರೆ ಯಜಮಾನನೇ ಹತ್ತಿ ಗಾರೆ ಹಾಕುತ್ತಾನೆ. ನಾಲ್ಕು ಅಂತಸ್ತಿನ ಕಟ್ಟಡದ ಟ್ಯಾಂಕು ಒಡೆದರೆ, ಮೋಟಾರು ಸುಟ್ಟರೆ, ಕರೆಂಟ್ ಬಿಲ್ಲು ಬಾಕಿ ಬಿದ್ದರೆ ಯಾರು? ಆಂಧ್ರದಲ್ಲಿ ಅಪಾರ್ಟ್‌ಮೆಂಟುಗಳಿಗೆ 1987ರ ಕಾಯಿದೆ ಇದೆ, ಮಾಲೀಕರ ಸಂಘ ಆಗಬೇಕು ಅನ್ನುತ್ತದೆ. 2016ರ ರೇರಾ ಕಾಯಿದೆಯು ಮನೆ ಕಟ್ಟಿ ಮಾರುವ ಸರ್ಕಾರಿ ಸಂಸ್ಥೆಗಳನ್ನೂ ಬಿಲ್ಡರುಗಳ ಸಾಲಿನಲ್ಲೇ ನಿಲ್ಲಿಸಿದೆ. ಕಾಗದದಲ್ಲಿ ಎಲ್ಲಾ ಇದೆ. ಮನೆ ಸಿಕ್ಕವರು ಅದರಲ್ಲಿ ತಾವೇ ಇದ್ದಾರೋ ಬಾಡಿಗೆಗೆ ಬಿಟ್ಟಿದ್ದಾರೋ ಎಂದು ವರ್ಷಕ್ಕೊಮ್ಮೆ ನೋಡುವವರು ಬೇಕು. ಇಲ್ಲದಿದ್ದರೆ 50 ರೂಪಾಯಿ ರಿಯಾಯಿತಿ ಮಾಲೀಕನ ಜೇಬಿಗೆ, ಪೂರಾ ಬಾಡಿಗೆ ಜೀನ್ಸ್ ಹೊಲಿಯುವ ಬಡವನ ತಲೆಗೆ.

ಬಾಡಿಗೆಗೇ ಅಂತ ಮನೆ ಇರಲಿ ಎಂದು ಕೇಂದ್ರವೂ 2020ರಲ್ಲಿ ಒಂದು ಯೋಜನೆ ತಂದಿತ್ತು. ಖಾಲಿ ಬಿದ್ದ ಸರ್ಕಾರಿ ಮನೆಗಳನ್ನು 25 ವರ್ಷ ಬಾಡಿಗೆಗೆ ನಡೆಸುವವರಿಗೆ ಆದಾಯ ತೆರಿಗೆ, ಜಿಎಸ್‌ಟಿ ವಿನಾಯಿತಿ. 2024ರಲ್ಲಿ ಬಂದ ಆವಾಸ್ ಯೋಜನೆಯ ಎರಡನೇ ಹಂತದಲ್ಲೂ ಬಾಡಿಗೆ ಮನೆಗೆ ಜಾಗ ಇದೆ. ವಿನಾಯಿತಿ ಪಡೆದವನು ಬಾಡಿಗೆ ಎಷ್ಟು ವಸೂಲು ಮಾಡುತ್ತಾನೆ ಅಂತ ಊರಿಗೆ ತಿಳಿಯದಿದ್ದರೆ ಅದೂ ಕಂಟ್ರಾಕ್ಟರ ಹಬ್ಬವೇ.

ಲೆಕ್ಕ ಊರ ಮುಂದೆ ಓದಿಸುವುದು ನಮ್ಮ ಸೀಮೆಗೆ ಹೊಸದಲ್ಲ. ಉದ್ಯೋಗ ಖಾತ್ರಿ ಯೋಜನೆ ದೇಶದಲ್ಲಿ ಶುರುವಾದದ್ದು 2006ರ ಫೆಬ್ರವರಿ 2ರಂದು, ಇದೇ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ. ಅದರ ಬೆನ್ನಿಗೇ ಬಂದ ಸಾಮಾಜಿಕ ತಪಾಸಣೆಯಲ್ಲಿ ಕೂಲಿಯವರ ಹೆಸರು, ದಿನ, ದುಡ್ಡು ಎಲ್ಲಾ ಸಭೆಯಲ್ಲಿ ಓದಿದರು. ಮನೆ ಪಟ್ಟಿಯನ್ನೂ ಹಾಗೇ ಓದಿಸಬಹುದು: ಯಾವ ಮನೆಗೆ ಎಷ್ಟು ಅಳತೆ, ಎಷ್ಟು ಕಂದಾಯ, ಯಾವುದಕ್ಕೆ ಇನ್ನೂ ಬೀಗ.

ಓದುವುದು ಕನ್ನಡದಲ್ಲೂ ಆಗಲಿ. ರಾಯದುರ್ಗ ತಾಲ್ಲೂಕು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಮಡಕಶಿರಾ 2022ರಲ್ಲಿ ಅನಂತಪುರ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆ ಸೇರಿತು. ಕಚೇರಿ ಬದಲಾಯಿತು, ಮನೆಮಾತು ಬದಲಾಗಲಿಲ್ಲ. ನಮ್ಮಲ್ಲಿ ತೆಲುಗು ಮಾತಾಡಲು ಬಾರದವರು ಅಪರೂಪ, ಆದರೆ ಸಾಲಪತ್ರ, ನೋಟಿಸು ಓದಿ ಸಹಿ ಹಾಕುವುದು ಬೇರೆ ಸಂಗತಿ. ಸಂವಿಧಾನದ 350ನೇ ವಿಧಿಯ ಪ್ರಕಾರ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು. ಕಂದಾಯ ಅರ್ಧ ವರ್ಷಕ್ಕೊಮ್ಮೆ ಬರುತ್ತದೆ. ಮುಂದಿನ ಚೀಟಿ ಬಂದಾಗ ಅಳತೆಯ ವಿವರ ಕೇಳಿ ಕನ್ನಡದಲ್ಲೇ ಒಂದು ಅರ್ಜಿ ಬರೆದು, ಮೊಹರು ಹಾಕಿಸಿಕೊಂಡು ನಕಲು ಇಟ್ಟುಕೊಳ್ಳಿ.