ಹಳೆ ಕಾರಿಗೆ ಹಳೆ ಮಾಪಕವೇ ಆಸರೆ

ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಪೆಟ್ರೋಲ್ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳನ್ನು ಉಳಿಸಿಕೊಂಡವರಿಗೆ ಹೊರೆ ಹೆಚ್ಚಿದೆ. 20 ವರ್ಷ ಮೀರಿದ ಲಘು ಮೋಟಾರು ವಾಹನಗಳ ನೋಂದಣಿ ನವೀಕರಣ ಶುಲ್ಕವನ್ನು ಕೇಂದ್ರ ಸರಕಾರವು 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಿತು. ಶುಲ್ಕ ತೆತ್ತರಷ್ಟೇ ಸಾಲದು, ಹೊಗೆ ತಪಾಸಣೆಯಲ್ಲಿಯೂ ತೇರ್ಗಡೆಯಾಗಬೇಕು. ಬಿಎಸ್-2ಕ್ಕೂ ಹಿಂದಿನ ಪೆಟ್ರೋಲ್ ಕಾರುಗಳ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 3ನ್ನು ಮೀರುವಂತಿಲ್ಲ.

ತೊಡಕಿರುವುದು ಇಲ್ಲಿಯೇ. ಇಂದಿನ ಸ್ಕ್ಯಾನರ್ ಕೆಲಸ ಮಾಡುವುದು ಕಂಪ್ಯೂಟರ್ ನಿಯಂತ್ರಿತ ಎಂಜಿನ್ನುಗಳಲ್ಲಿ ಮಾತ್ರ. ಕಾರ್ಬುರೇಟರ್, ಸಿಬಿ ಪಾಯಿಂಟ್‌ಗಳ ಕಾರನ್ನು ಟ್ಯೂನ್ ಮಾಡಲು ಟೈಮಿಂಗ್ ಲೈಟ್, ಡ್ವೆಲ್ ಮೀಟರ್, ವ್ಯಾಕ್ಯೂಮ್ ಗೇಜ್‌ಗಳೇ ಬೇಕು. ಇವುಗಳನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಲು ಅಂಜಬೇಕಿಲ್ಲ. ಸುಸ್ಥಿತಿಯಲ್ಲಿರುವ ಕಾರಿಗೆ ಜೋಡಿಸಿದರೆ ಗುಣಮಟ್ಟ ಅಲ್ಲಿಯೇ ತಿಳಿಯುತ್ತದೆ. ಹಳೆಯ ಗ್ಯಾಸ್ ಅನಲೈಸರ್ ವಿಷಯ ಬೇರೆ. ಅಳತೆ ಸರಿಪಡಿಸುವ ಪ್ರಮಾಣಿತ ಅನಿಲವೂ ಬಿಡಿಭಾಗವೂ ದೊರೆಯದಿದ್ದಲ್ಲಿ ಅದು ತೋರಿಸುವ ಅಂಕಿಯನ್ನು ನಂಬಲಾಗದು.

ಆದ್ದರಿಂದ ಮೊದಲು ಅಗ್ಗದ ಮಾಪಕಗಳಿಂದ ಎಂಜಿನ್ ಸರಿಪಡಿಸಿ, ಹೊಗೆಯ ಅಳತೆಯನ್ನು ಅಧಿಕೃತ ತಪಾಸಣಾ ಕೇಂದ್ರಕ್ಕೇ ಬಿಡುವುದು ವಿವೇಕ. ಗ್ಯಾರೇಜಿನವರು ಜತೆಗೂಡಿ ಒಂದು ಸೆಟ್ ಕೊಂಡರೆ ಖರ್ಚೂ ಹಂಚಿಹೋಗುತ್ತದೆ. ಆದರೆ ಮುಳ್ಳಿನ ಚಲನೆ ನೋಡಿ ದೋಷ ಗುರುತಿಸುವ ವಿದ್ಯೆಯನ್ನು ಹಿರಿಯ ಮೆಕ್ಯಾನಿಕ್‌ಗಳಿಂದ ಕಿರಿಯರು ಈಗಲೇ ಕಲಿಯದಿದ್ದರೆ, ಕೊಂಡ ಮಾಪಕವೂ ಮೂಲೆ ಸೇರೀತು.