ಜಕ್ಕೂರಿನ ವಿಮಾನಗಳಿಗೂ ಸೀಸರಹಿತ ಇಂಧನ ಬೇಕು

ಪಿಸ್ಟನ್ ಎಂಜಿನ್ನಿನ ಸಣ್ಣ ವಿಮಾನಗಳಿಗೆ ತುಂಬುವ ಏವ್‌ಗ್ಯಾಸ್ 100ಎಲ್‌ಎಲ್ ಇಂಧನದಲ್ಲಿ ಲೀಟರಿಗೆ 0.56 ಗ್ರಾಂವರೆಗೆ ಸೀಸ ಇರಬಹುದು. ದೇಶದ ವಾಹನಗಳ ಪೆಟ್ರೋಲಿನಿಂದ ಸೀಸ ಹೊರಬಿದ್ದದ್ದು 2000ದ ಫೆಬ್ರವರಿಯಲ್ಲಿ. ಬೆಂಗಳೂರಿನ ಕೋಣನಕುಂಟೆಯಲ್ಲಿ ಸ್ಕೂಟರಿಗೆ ಹಾಕುವಂತಿಲ್ಲದ ವಿಷವನ್ನು ಅದೇ ಊರಿನ ಜಕ್ಕೂರಿನಲ್ಲಿ, ಸರ್ಕಾರದ್ದೇ ವೈಮಾನಿಕ ತರಬೇತಿ ಶಾಲೆಯ ವಿಮಾನಗಳಿಗೆ ತುಂಬುವುದು ಸಮರ್ಥನೀಯವಲ್ಲ.

ಸೀಸ ಸೇರಿಸುವುದಕ್ಕೆ ಕಾರಣವಿದೆ. ಟೆಟ್ರಾಈಥೈಲ್ ಲೆಡ್ ಆಕ್ಟೇನ್ ಮಟ್ಟವನ್ನು ಏರಿಸುತ್ತದೆ. ಹೆಚ್ಚು ಒತ್ತಡದ ಸಿಲಿಂಡರಿನಲ್ಲಿ ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯದಂತೆ ತಡೆಯುತ್ತದೆ. ಆದರೆ ಎಲ್ಲ ಎಂಜಿನ್ನುಗಳಿಗೂ 100 ಆಕ್ಟೇನ್ ಬೇಕಿಲ್ಲ. ಸ್ವೀಡನ್ನಿನ ಹೆಲ್ಮ್‌ಕೋ ಕಂಪನಿ 1991ರಿಂದಲೇ ಸೀಸರಹಿತ ಏವ್‌ಗ್ಯಾಸ್ ಮಾರುತ್ತಿದೆ. ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್ ರೂಪಿಸಿ 2021ರ ಸೆಪ್ಟೆಂಬರಿನಲ್ಲಿ ಹಾರಿಸಿದ ಹಂಸ-ಎನ್‌ಜಿ ವಿಮಾನದ ರೋಟಾಕ್ಸ್ ಎಂಜಿನ್ ಸೀಸವಿಲ್ಲದ ಇಂಧನಕ್ಕೆಂದೇ ತಯಾರಾದದ್ದು. ಸೀಸದ ಇಂಧನ ಹಾಕಿದರೆ ಅದರ ಎಣ್ಣೆಯನ್ನೇ ಬೇಗ ಬೇಗ ಬದಲಿಸಬೇಕಾಗುತ್ತದೆ.

ಸಣ್ಣ ವಿಮಾನಗಳು ಸುಡುವ ಇಂಧನ ಎಷ್ಟು ಮಹಾ ಎನ್ನುವವರು ಅದು ಎಲ್ಲಿ ಸುಡುತ್ತದೆ ಎಂಬುದನ್ನು ನೋಡುವುದಿಲ್ಲ. ತರಬೇತಿಯ ವಿಮಾನ ಒಂದೇ ರನ್‌ವೇಯ ಸುತ್ತ ತಗ್ಗಿನಲ್ಲೇ ಸುತ್ತುತ್ತಿರುತ್ತದೆ, ಹೊಗೆಯೂ ಅಲ್ಲೇ ಇಳಿಯುತ್ತದೆ. 1948ರಲ್ಲಿ ಊರಾಚೆಗಿದ್ದ ಜಕ್ಕೂರು ನಿಲ್ದಾಣದ ಸುತ್ತ ಈಗ ಬಡಾವಣೆಗಳಿವೆ. ಮಗುವಿನ ಮಿದುಳಿಗೆ ಇಷ್ಟು ಸೀಸ ಸುರಕ್ಷಿತ ಎನ್ನುವ ಪ್ರಮಾಣವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕ್ಯಾಲಿಫೋರ್ನಿಯಾದ ರೀಡ್-ಹಿಲ್‌ವ್ಯೂ ನಿಲ್ದಾಣದ ಸುತ್ತಲಿನ ಮಕ್ಕಳ ರಕ್ತಪರೀಕ್ಷೆಗಳ ಅಧ್ಯಯನ 2021ರಲ್ಲಿ ಹೊರಬಂತು. ಅದರ ಬೆನ್ನಿಗೇ, 2022ರ ಜನವರಿಯಿಂದ ಅಲ್ಲಿ ಸೀಸದ ಇಂಧನದ ಮಾರಾಟವೇ ನಿಂತಿತು. ಜಕ್ಕೂರಿನ ಸುತ್ತಲಿನ ಮಕ್ಕಳ ರಕ್ತವನ್ನೂ ಹಾಗೆಯೇ ಪರೀಕ್ಷಿಸಬೇಕು.

ಇನ್ನೊಂದು ಆಕ್ಷೇಪಕ್ಕೆ ತೂಕವಿದೆ. ಅಮೆರಿಕದ ನಾರ್ತ್ ಡಕೋಟ ವಿಶ್ವವಿದ್ಯಾಲಯ 2023ರಲ್ಲಿ ತನ್ನ ತರಬೇತಿ ವಿಮಾನಗಳಿಗೆ 94 ಆಕ್ಟೇನಿನ ಸೀಸರಹಿತ ಇಂಧನ ಬಳಸಿ, ಎಕ್ಸಾಸ್ಟ್ ವಾಲ್ವ್‌ಗಳ ಆಸನ ಸವೆಯುವುದನ್ನು ಕಂಡು ಅದೇ ವರ್ಷ ಹಳೆಯದಕ್ಕೇ ಮರಳಿತು. ಇಂಧನವನ್ನು ಎಂಜಿನ್ನಿಗೆ ತಕ್ಕಂತೆ ಪರೀಕ್ಷಿಸಿ ಆರಿಸಬೇಕೆಂಬುದಕ್ಕೆ ಇದು ಸಾಕ್ಷಿಯೇ ಹೊರತು ಸೀಸವನ್ನು ಉಳಿಸಿಕೊಳ್ಳುವುದಕ್ಕಲ್ಲ. ಆ ದೇಶದ ಕಾನೂನೇ ಅಲಾಸ್ಕ ಬಿಟ್ಟು ಉಳಿದೆಡೆ ಸೀಸ ಕೈಬಿಡಲು 2030ರ ಕೊನೆಯನ್ನು ಗಡುವಾಗಿ ಇಟ್ಟುಕೊಂಡಿದೆ.

ಬಂಕಿನ ಪೆಟ್ರೋಲನ್ನೇ ತುಂಬಿದರಾಯಿತು ಎನ್ನುವಂತಿಲ್ಲ. ಅದರಲ್ಲೀಗ ಶೇ 20ರಷ್ಟು ಎಥನಾಲ್ ಇದೆ. ಹಂಸದ ಎಂಜಿನ್ ತಾಳುವುದು ಶೇ 10ರವರೆಗೆ ಮಾತ್ರ. ಹಾಗಾಗಿ ಹೊಣೆ ಇಂಡಿಯನ್ ಆಯಿಲ್ ಮೇಲಿದೆ. ಆಮದಾಗುತ್ತಿದ್ದ 100ಎಲ್‌ಎಲ್ ಅನ್ನು 2022ರಲ್ಲಿ ವಡೋದರದ ರಿಫೈನರಿಯಿಂದ ಹೊರತಂದ ಸಂಸ್ಥೆಗೆ ಎಥನಾಲ್ ಇಲ್ಲದ ಸೀಸರಹಿತ ಏವ್‌ಗ್ಯಾಸ್ ಅಸಾಧ್ಯವಲ್ಲ. ಗಿರಾಕಿಯಿಲ್ಲ ಎಂಬ ನೆಪ ಬಾರದಂತೆ ಕರ್ನಾಟಕ ಸರ್ಕಾರ ಜಕ್ಕೂರಿನ ಶಾಲೆಗಾಗಿ ಮೊದಲ ಬೇಡಿಕೆ ಸಲ್ಲಿಸಬೇಕು. ಯಾವ ಎಂಜಿನ್ನಿಗೆ ಯಾವ ಇಂಧನ ಎಂಬ ಪಟ್ಟಿಯನ್ನು ವಿಮಾನಯಾನ ನಿಯಂತ್ರಕ ಡಿಜಿಸಿಎ ಪ್ರಕಟಿಸಬೇಕು.