ಅಪರೂಪದ ಹಕ್ಕಿ ಕಂಡ್ರೆ ಜಾಗ ಹೇಳಬೇಕೋ ಬೇಡವೋ?

ಚಳಿಗಾಲ ಶುರುವಾಯ್ತು ಅಂದ್ರೆ ನನ್ನ ಫೋನಿಗೆ ಬರುವ ಮೆಸೇಜುಗಳಲ್ಲಿ ಅರ್ಧಕ್ಕರ್ಧ ಒಂದೇ ಥರ. "ಲೊಕೇಶನ್ ಕಳಿಸ್ರಿ". ಹಕ್ಕಿಯ ಹೆಸರೇನು, ಏನು ಮಾಡ್ತಿತ್ತು, ಎಷ್ಟಿದ್ವು ಅಂತ ಯಾರೂ ಕೇಳೋದಿಲ್ಲ. ಮೊದಲು ಲೊಕೇಶನ್, ಆಮೇಲೆ ಮಾತು :-)

ಈ ವಿಷಯಕ್ಕೆ ಹಕ್ಕಿ ನೋಡುವವರಲ್ಲಿ ಎರಡು ಪಂಗಡ ಇದೆ. ಒಂದು ಪಂಗಡಕ್ಕೆ ಎಲ್ಲವನ್ನೂ ಎಲ್ಲರಿಗೂ ಹೇಳಬೇಕು, ಹಕ್ಕಿ ಯಾರಪ್ಪನ ಆಸ್ತಿಯೂ ಅಲ್ಲ. ಇನ್ನೊಂದು ಪಂಗಡ ಬಾಯಿಗೆ ಬೀಗ ಹಾಕಿಕೊಂಡಿದೆ. "ಬೆಳಗಾವಿ ಹತ್ತಿರ" ಅನ್ನೋದರ ಮೇಲೆ ಒಂದಕ್ಷರ ಬಿಡೋದಿಲ್ಲ. ನನಗೆ ಇಬ್ಬರ ಮೇಲೂ ತಕರಾರಿದೆ. ಮೊದಲು, ಹೇಳಲೇಬೇಕಾದ್ದನ್ನ ಹೇಳಿಬಿಡ್ತೀನಿ.

ವಡಗಾವಿ ಅಂದ್ರೆ ಹೊರಗಿನವರಿಗೆ ಮಗ್ಗದ ಸದ್ದು, ಸೀರೆ. ಆದರೆ ಓಣಿ ದಾಟಿ ಯಳ್ಳೂರ ರಸ್ತೆ ಹಿಡಿದ್ರೆ ಬೇರೆಯೇ ಲೋಕ. ಬಳ್ಳಾರಿ ನಾಲಾದ ಆಚೀಚೆ ಶಹಾಪುರ, ವಡಗಾವಿ, ಅನಗೋಳದ ಗದ್ದೆಗಳು, ಬೆಳಗಾವಿ ಬಾಸಮತಿಗೆ ಹೆಸರಾದ ಕಪ್ಪು ಮಣ್ಣು, ದೂರದಲ್ಲಿ ಗುಡ್ಡದ ಮೇಲೆ ರಾಜಹಂಸಗಡ. ಮಳೆಗಾಲದಲ್ಲಿ ನಾಲಾ ಉಕ್ಕಿ ಗದ್ದೆ ಮುಳುಗುತ್ತೆ, ರೈತರು ಬೈಕೊಳ್ತಾರೆ. ಭತ್ತ ಕೊಯ್ದಾದ ಮೇಲೆ ಅದೇ ಹಸಿ ನೆಲದಲ್ಲಿ ಮಸೂರಿ, ಕಡಲೆ, ವಟಾಣಿ ಬರುತ್ತೆ. ಹಕ್ಕಿಗಳು ಬರೋದೂ ಆಗಲೇ.

ನವೆಂಬರಿನಿಂದ ಫೆಬ್ರವರಿವರೆಗೆ ಬೆಳಿಗ್ಗೆ ಏಳರೊಳಗೆ ಬನ್ನಿ. ನೀರು ನಿಂತ ಕೂಳೆಯಲ್ಲಿ ಸ್ನೈಪ್ ಕೂತಿರುತ್ತೆ, ಕಾಲ ಬುಡದಿಂದ ಅಂಕುಡೊಂಕಾಗಿ ಹಾರಿದಾಗಲೇ ಗೊತ್ತಾಗೋದು. ಸಿಪಿಲೆಗಳಲ್ಲಿ ಬಿಳಿ, ಹಳದಿ, ಸಿಟ್ರಿನ್ ಮೂರನ್ನೂ ಬೇರೆ ಬೇರೆ ಮಾಡಿ ಗುರುತಿಸೋದೇ ಒಂದು ಪರೀಕ್ಷೆ. ನಾಲಾದ ಜೊಂಡಿನ ಅಂಚಿನಲ್ಲಿ ತಾಳ್ಮೆಯಿಂದ ನಿಂತ್ರೆ ಬ್ಲೂಥ್ರೋಟ್ ಹೊರಗೆ ಬರುತ್ತೆ, ಗಂಡಾದ್ರೆ ಕೊರಳಲ್ಲಿ ನೀಲಿ ಕೆಂಪು ಪಟ್ಟಿ. ಬಿಸಿಲೇರಿದ ಮೇಲೆ ಹ್ಯಾರಿಯರ್‌ಗಳು ಗದ್ದೆಯ ಮೇಲೆ ಆಳೆತ್ತರದಲ್ಲಿ ತೇಲ್ತಾ ಹೋಗ್ತವೆ. ಕಜಕಸ್ತಾನದ ಹುಲ್ಲುಗಾವಲಿನ ಕಡೆಯಿಂದ ಬಂದವು ಇಲ್ಲಿ ಮಿಡತೆ ತಿಂದು ಚಳಿಗಾಲ ಕಳೀತಾವೆ.

ಇನ್ನೂ ದೂರ ಹೋಗೋರಿಗೆ ಗೋಕಾಕ ತಾಲೂಕಿನ ಧೂಪದಾಳದ ಹತ್ತಿರ ಘಟಪ್ರಭಾ ಪಕ್ಷಿಧಾಮ ಇದೆ. 1974ರಲ್ಲಿ ಘೋಷಣೆಯಾದದ್ದು, ಡೆಮಾಯ್ಸೆಲ್ ಕ್ರೇನ್ ಮತ್ತು ಯುರೋಪಿನ ಬಿಳಿ ಕೊಕ್ಕರೆಗೆ ಹೆಸರಾದ ಜಾಗ. ಹೋದ ದಿನವೇ ಕಾಣ್ತಾವೆ ಅಂತ ಗ್ಯಾರಂಟಿ ಮಾತ್ರ ಇಲ್ಲ. ಖಾನಾಪುರದ ಕಡೆ ಜಾಂಬೋಟಿಯಿಂದ ಕಣಕುಂಬಿಯವರೆಗಿನ ರಸ್ತೆಯಲ್ಲಿ ಕಾಡಿನ ಚಳಿಗಾಲದ ಅತಿಥಿಗಳನ್ನ ಹುಡುಕಬಹುದು. ವರ್ಡಿಟರ್ ಫ್ಲೈಕ್ಯಾಚರ್, ನೀಲಿತಲೆಯ ರಾಕ್ ಥ್ರಶ್, ಎಲೆಗಳ ನಡುವೆ ಒಂದು ಕ್ಷಣ ನಿಲ್ಲದ ವಾರ್ಬ್ಲರ್‌ಗಳು. ರಸ್ತೆ ಬದಿಯಿಂದಲೇ ನೋಡಬಹುದು, ಕಾಡೊಳಗೆ ನುಗ್ಗಬೇಕಿಲ್ಲ.

ಇಷ್ಟನ್ನೂ ಯಾಕೆ ರಾಜಾರೋಷವಾಗಿ ಬರೀತಿದೀನಿ? ಬರೀದೇ ಇದ್ದಿದ್ದರಿಂದ ಈ ಹಕ್ಕಿಗಳಿಗೆ ಏನೂ ಲಾಭ ಆಗಿಲ್ಲ, ಅದಕ್ಕೆ.

ವಡಗಾವಿ ಗದ್ದೆಗಳ ಮೇಲೆ ಕಣ್ಣು ಬಿದ್ದು ಬಹಳ ವರ್ಷ ಆಯ್ತು. ಹಲಗಾ–ಮಚ್ಛೆ ಬೈಪಾಸ್ ವಿರುದ್ಧ ಇಲ್ಲಿನ ರೈತರು ವರ್ಷಗಟ್ಟಲೆ ಹೋರಾಡಿದ್ದು, ಕೋರ್ಟು ಹತ್ತಿದ್ದು ಬೆಳಗಾವಿಯವರಿಗೆಲ್ಲ ಗೊತ್ತು. ಅತ್ತ ಗದ್ದೆಯಂಚಿನಲ್ಲಿ ಒಂದೊಂದೇ ಪ್ಲಾಟಿನ ಕಲ್ಲು ಏಳ್ತಾ ಇವೆ. ರೈತರು ತಮ್ಮ ಅನ್ನದ ಪ್ರಶ್ನೆ ಎತ್ತಿದ್ರು, ಅದು ನ್ಯಾಯವೇ. ಆದರೆ ಈ ನೆಲವನ್ನೇ ನಂಬಿ ಸಾವಿರಾರು ಕಿಲೋಮೀಟರ್ ಹಾರಿ ಬರುವ ಹಕ್ಕಿಗಳ ಪರವಾಗಿ ನಮ್ಮಂಥವರ ಕೈಯಲ್ಲಿ ಏನಿತ್ತು? ಹಾರ್ಡ್ ಡಿಸ್ಕಿನಲ್ಲಿ ಬಚ್ಚಿಟ್ಟ ಫೋಟೊಗಳು. ಕಾಗದದ ಮೇಲೆ ಇದು ಬರೀ ಸರ್ವೆ ನಂಬರ್. ಹಕ್ಕಿ ಇದೆ ಅಂತ ತಾರೀಖು, ಸಂಖ್ಯೆ ಸಮೇತ ಯಾರೂ ಬರೆದಿಡದಿದ್ದ ಮೇಲೆ ಅಧಿಕಾರಿಗಳ ಪಾಲಿಗೆ ಅಲ್ಲಿ ಹಕ್ಕಿಯೇ ಇಲ್ಲ.

ಬರೆದಿಟ್ಟರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಇದೆ. ಹಕ್ಕಿ ಅಲ್ಲ, ಬಾವಲಿ. ಖಾನಾಪುರ ಕಾಡಿನ ತಳೇವಾಡಿ ಹತ್ತಿರದ ಬಾರಾಪೇಡೆ ಗುಹೆಯ ರಾಟನ್ಸ್ ಫ್ರೀ-ಟೇಲ್ಡ್ ಬಾವಲಿಯನ್ನ 1913ರಲ್ಲಿ ಓಲ್ಡ್‌ಫೀಲ್ಡ್ ಥಾಮಸ್ ಹೊಸ ಪ್ರಭೇದ ಅಂತ ವಿವರಿಸಿದ. ಎಷ್ಟೋ ದಶಕ ಪ್ರಪಂಚಕ್ಕೆ ಅದರ ವಿಳಾಸ ಅದೊಂದೇ ಗುಹೆ. ಆ ಕಾಡನ್ನ ಉಳಿಸಬೇಕು ಅಂತ ವಾದಿಸಿದವರೆಲ್ಲ ಆ ಬಾವಲಿಯ ಹೆಸರು ಹೇಳಿಯೇ ವಾದಿಸಿದ್ದು. 2011ರಲ್ಲಿ ಭೀಮಗಡ ವನ್ಯಜೀವಿಧಾಮ ಆಯ್ತು.

ಗದಗ ಜಿಲ್ಲೆಯ ಮಾಗಡಿ ಕೆರೆ ಇನ್ನೊಂದು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಪ್ರತಿ ಚಳಿಗಾಲ ಅಲ್ಲಿ ಸಾವಿರಗಟ್ಟಲೆ ಇಳೀತಾವೆ. ಆ ಕೆರೆ ಗುಟ್ಟಾಗಿದ್ದಿದ್ರೆ 2024ರ ಜನವರಿಯಲ್ಲಿ ರಾಮ್‌ಸಾರ್ ಪಟ್ಟಿ ಸೇರ್ತಿತ್ತಾ? ದೂರದ ನಾಗಾಲ್ಯಾಂಡಿನಲ್ಲಿ 2012ರಲ್ಲಿ ದೋಯಾಂಗ್ ಜಲಾಶಯದ ಹತ್ತಿರ ಅಮುರ್ ಫಾಲ್ಕನ್‌ಗಳನ್ನ ಬಲೆ ಹಾಕಿ ಕೊಲ್ತಿದ್ದದ್ದು ಜಗಜ್ಜಾಹೀರಾಯ್ತು. ಮುಂದಿನ ವರ್ಷವೇ ಊರಿನವರು ಬಲೆ ಮಡಚಿಟ್ರು. ಜಾಗದ ಹೆಸರು ಹೊರಗೆ ಬಂದಿದ್ದಕ್ಕೇ ಅದು ಆಗಿದ್ದು.

2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿ ವರದಿ 942 ಪ್ರಭೇದಗಳ ಲೆಕ್ಕ ಹಾಕಿತ್ತು. ಆ ಲೆಕ್ಕಕ್ಕೆ ಆಧಾರ 30,000ಕ್ಕೂ ಹೆಚ್ಚು ಹವ್ಯಾಸಿಗಳು ಬರೆದುಕೊಟ್ಟ ಪಟ್ಟಿಗಳು. ಬಯಲು ಪ್ರದೇಶದ ಹಕ್ಕಿಗಳು, ದೂರದಿಂದ ವಲಸೆ ಬರುವವು ಕಡಿಮೆಯಾಗ್ತಿವೆ ಅಂತ ತಿಳಿದದ್ದು ಹೀಗೆ. ಅವು ಎರಡೂ ವಡಗಾವಿ ಗದ್ದೆಯಲ್ಲಿವೆ.

ಹಾಗಾದ್ರೆ ಬೀಗ ಹಾಕೋ ಪಂಗಡ ಪೂರ್ತಿ ತಪ್ಪಾ? ಅಲ್ಲ.

ಹೋದ ಚಳಿಗಾಲದಲ್ಲಿ ಯಾರೋ ಒಂದು ಪಿನ್ ಹಾಕಿದ್ರು ಅಂತ ಒಂದು ಭಾನುವಾರ ನಾಲ್ಕು ಕಾರು ಬಂದ್ವು. ದೊಡ್ಡ ದೊಡ್ಡ ಲೆನ್ಸಿನವರು ಸಾಲಾಗಿ ಮಸೂರಿ ಹೊಲದೊಳಗೆ ನಡೆದ್ರು. ಹಕ್ಕಿ ಕೂತಲ್ಲಿಂದ ಎಬ್ಬಿಸಿದ್ದು ಐದು ಸಲ, ನಾನೇ ಎಣಿಸಿದ್ದು. ಆಮೇಲೆ ಹೊಲದ ಅಜ್ಜ ಬಂದು ನನಗೇ ಹೇಳಿದ್ರು, "ನೀವು ದಿನಾ ಬರೋರು, ನಿಮಗ ಹೇಳ್ತೀನಿ ನೋಡ್ರಿ. ಹಕ್ಕಿ ನೋಡಾಕ ಬರ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ನಮ್ಮ ಬೆಳಿ ತುಳಿದು ಏನ್ ನೋಡ್ತಾರ್ರಿ ಇವ್ರು?" ನನ್ನ ಹತ್ರ ಉತ್ತರ ಇರಲಿಲ್ಲ.

ಅದಕ್ಕೇ ನನ್ನ ನಿಲುವು ಇದು. ಹಕ್ಕಿ ಆ ಜಾಗದಲ್ಲಿ ಏನು ಮಾಡ್ತಿದೆ ಅನ್ನೋದರ ಮೇಲೆ ಹೇಳೋದು ಬಿಡೋದು ನಿರ್ಧಾರ ಆಗಬೇಕು.

ಬಯಲೆಲ್ಲ ಓಡಾಡಿ ಮೇಯುವ ಹಕ್ಕಿಯಾದ್ರೆ ಊರು, ರಸ್ತೆ, ತಿಂಗಳು ಎಲ್ಲ ಹೇಳಿ. ಒಂದು ಕಡೆ ಎಬ್ಬಿಸಿದ್ರೆ ಅದಕ್ಕೆ ಇನ್ನೊಂದು ಗದ್ದೆ ಇದೆ. ಗೂಡಿನ ಜಾಗ, ರಾತ್ರಿ ತಂಗುವ ಜಾಗ ಮಾತ್ರ ಯಾರಿಗೂ ಬೇಡ. ಹ್ಯಾರಿಯರ್‌ಗಳು ಸಂಜೆ ಗುಂಪಾಗಿ ಹುಲ್ಲಿನ ನೆಲದ ಮೇಲೇ ಮಲಗ್ತವೆ, ಆ ತುಂಡು ಹುಲ್ಲು ಹೋದ್ರೆ ಗುಂಪು ಪೂರ್ತಿ ಹೋದಂತೆ. ಗೂಬೆಗಳ ವಿಷಯದಲ್ಲಿ ಮಾತೇ ಇಲ್ಲ. ದೀಪಾವಳಿ, ಅಮಾವಾಸ್ಯೆ ಅಂತ ಮಾಟಕ್ಕೆ ಗೂಬೆ ಹಿಡಿಯುವ ದಂಧೆ ನಮ್ಮ ದೇಶದಲ್ಲಿ ಇನ್ನೂ ಸತ್ತಿಲ್ಲ. ಈ ಸೀಮೆಯಲ್ಲಿ ನನಗೊಂದು ಶಾರ್ಟ್-ಈಯರ್ಡ್ ಗೂಬೆ ಕಂಡಿದೆ, ಚಳಿಗಾಲಕ್ಕೆ ಮಾತ್ರ ಬಂದು ಹುಲ್ಲಿನಲ್ಲಿ ನೆಲದ ಮೇಲೆ ಕೂರುವ ಗೂಬೆ. ಎಲ್ಲಿ ಅಂತ ಹೇಳೋದಿಲ್ಲ, ದಯವಿಟ್ಟು ಮೆಸೇಜ್ ಮಾಡಬೇಡಿ! ಎರೆಭೂತದಂಥ ಅಳಿವಿನಂಚಿನ ಹಕ್ಕಿ ಕಂಡ್ರೆ ಈ-ಬರ್ಡ್ ಕೂಡ ಜಾಗವನ್ನ ಮರೆಮಾಡುತ್ತೆ, ಆದರೆ ದಾಖಲೆ ಉಳಿಯುತ್ತೆ. ಬಾಯಿ ಮುಚ್ಚಿಕೊಂಡೂ ಬರೆದಿಡೋಕೆ ಸಾಧ್ಯ ಅಂತಾಯ್ತಲ್ಲ.

ಇನ್ನೊಂದು ಮಾತು. ಜಾಗ ಮೊದಲು ಹೇಳಬೇಕಾದದ್ದು ಹೊಲದವರಿಗೆ. ಅವರ ಬದುವಿನ ಮೇಲೆ ನಿಂತು ಅವರಿಗೇ ಗೊತ್ತಿಲ್ಲದ ಹಾಗೆ ಗುಟ್ಟು ಮಾಡೋದು ನನಗೆ ಸರಿ ಕಾಣೋದಿಲ್ಲ. ಆ ಅಜ್ಜನಿಗೆ ಒಂದಿನ ಬೈನಾಕ್ಯುಲರ್ ಕೊಟ್ಟು ಹ್ಯಾರಿಯರ್ ತೋರಿಸಿ, ಇದು ಮಿಡತೆ ತಿನ್ನುತ್ತೆ ಅಂದೆ. "ಅಷ್ಟು ದೂರಿಂದ ನಮ್ಮ ಹೊಲಕ್ಕ ಬರ್ತೈತಿ?" ಅಂತ ಎರಡು ಸಲ ಕೇಳಿದ್ರು. ಈಗ ಗದ್ದೆಗೆ ಕಾರು ಬಂದ್ರೆ ಇಳಿಯೋ ಮೊದಲೇ ಅವರ ದನಿ ಕೇಳುತ್ತೆ.

ಫೆಬ್ರವರಿಯ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಾಲ್ಕು ದಿನ ನಡೆಯುತ್ತೆ. ನಿಮ್ಮೂರ ಕೆರೆ, ಗದ್ದೆ ಯಾವುದೇ ಇರಲಿ, ಒಂದು ಕಾಲು ಗಂಟೆ ನಿಂತು ಕಂಡದ್ದನ್ನ ಬರೆದು ಹಾಕಿ. ಅಪರೂಪದ್ದೇ ಆಗಬೇಕಿಲ್ಲ, ಸಿಪಿಲೆ ಎಣಿಸಿದ್ರೂ ಸಾಕು. ನಾನಂತೂ ವಡಗಾವಿಯ ಲೆಕ್ಕ ಹಾಕ್ತೀನಿ.

ನೀವೇನಂತೀರಿ? ನಿಮ್ಮೂರಲ್ಲಿ ಅಪರೂಪದ್ದು ಕಂಡ್ರೆ ಜಾಗ ಹೇಳ್ತೀರಾ?